ಟೋವಾಪ್ಲಾನ್ ಎಂಬ ಜಪಾನಿ ಆರ್ಕೇಡ್ ಕಂಪನಿಯ ಚರಿತ್ರೆಯನ್ನು ಮೈಸೂರಿನಲ್ಲಿ ಕುಳಿತು ಬರೆಯುವ ಬಗೆ

ದಸರಾ ವಸ್ತುಪ್ರದರ್ಶನ ನಡೆಯುವ ದಿನಗಳಲ್ಲಿ ದೊಡ್ಡಕೆರೆ ಮೈದಾನಕ್ಕೆ ಹೋಗಿ, ಡೆಲ್ಲಿ ಹಪ್ಪಳದ ಅಂಗಡಿಗಳನ್ನು ದಾಟಿ ಮುಂದೆ ನಡೆದರೆ, ತಗಡಿನ ಮಾಡಿನ ಕೆಳಗೆ ನಾಲ್ಕೈದು ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಇಟ್ಟುಕೊಂಡ ಮಳಿಗೆಯೊಂದು ನನ್ನ ಬಾಲ್ಯದಲ್ಲಿತ್ತು. ಹಿಮದ ಬೊಂಬೆಗಳಂತಿದ್ದ ಇಬ್ಬರು ಅಣ್ಣತಮ್ಮಂದಿರು ಎದುರಾಳಿಗಳ ಮೇಲೆ ಹಿಮ ಎರಚಿ, ಅವರನ್ನು ಉಂಡೆ ಮಾಡಿ, ಅಂತಸ್ತಿನಿಂದ ಅಂತಸ್ತಿಗೆ ಉರುಳಿಸಿಬಿಡುವ ಆಟ ಅಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುತ್ತಿತ್ತು. ಅದರ ಹೆಸರು ಸ್ನೋ ಬ್ರದರ್ಸ್ ಎಂಬುದು ಮಕ್ಕಳಿಗೆಲ್ಲ ತಿಳಿದಿತ್ತು. ಅದನ್ನು ಮಾಡಿದವರು ಯಾರು ಎಂದು ಕೇಳಿದವರನ್ನು ಮಾತ್ರ ನಾನು ಕಾಣಲಿಲ್ಲ. ಪರದೆಯ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ‘1990 ಟೋವಾಪ್ಲಾನ್’ ಎಂದಿತ್ತು. ಅದು ಊರಿನ ಹೆಸರೋ ಮನುಷ್ಯನ ಹೆಸರೋ ನನಗೆ ತಿಳಿಯಲಿಲ್ಲ.

ಬಹಳ ವರ್ಷಗಳ ಮೇಲೆ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುವಾಗ ಗ್ರಂಥಸಂಪಾದನೆಯ ಪಾಠಗಳನ್ನು ಕೇಳಿದೆ. ಓಲೆಗರಿಯ ಪ್ರತಿಗಳನ್ನು ಹೋಲಿಸುವುದು, ಪಾಠಾಂತರಗಳನ್ನು ಗುರುತಿಸುವುದು, ಲಿಪಿಕಾರನ ಮಾತನ್ನು ಕವಿಯ ಮಾತಿನಿಂದ ಬೇರ್ಪಡಿಸುವುದು ಇವನ್ನೆಲ್ಲ ಕಲಿಯುತ್ತಿದ್ದಾಗ, ಬಾಲ್ಯದ ಆ ಸಣ್ಣ ಸಾಲು ಮತ್ತೆ ನೆನಪಾಯಿತು. ಇದೇ ವಿಧಾನವನ್ನು ಆ ಹೆಸರಿಗೂ ಅನ್ವಯಿಸಿ ನೋಡಿದೆ. ಹಾಗೆ ನೋಡುತ್ತ ಕಲಿತದ್ದನ್ನು, ಜಪಾನಿನ ಹಳೆಯ ಆರ್ಕೇಡ್ ಕಂಪನಿಯೊಂದರ, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳಿಗೆ ಆಟ ಮಾಡುತ್ತಿದ್ದ ಕಂಪನಿಯೊಂದರ, ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕೆನ್ನುವವರಿಗೆ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಉದಾಹರಣೆಗಳನ್ನೆಲ್ಲ ಟೋವಾಪ್ಲಾನ್ ಒಂದರಿಂದಲೇ ತೆಗೆದುಕೊಂಡಿದ್ದೇನೆ. ಕಂಪನಿಯ ನಾಮಫಲಕವನ್ನು ನಂಬಿ ಚರಿತ್ರೆ ಬರೆದರೆ ಅರ್ಧದಷ್ಟು ಕೈಬಿಟ್ಟುಹೋಗುತ್ತದೆ ಎಂಬುದನ್ನೂ, ಆಟವನ್ನು ಕಟ್ಟಿದ ಕೈಗಳನ್ನು ಹಿಂಬಾಲಿಸಿದರೆ ಮಾತ್ರ ಚರಿತ್ರೆ ಪೂರ್ಣವಾಗುತ್ತದೆ ಎಂಬುದನ್ನೂ ಈ ಕಂಪನಿಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಕಂಪನಿಯನ್ನು ನಾನು ಕಂಡಿಲ್ಲ.

ಪರದೆಯನ್ನು ಶಾಸನದಂತೆ ಓದುವುದು

ಕೆಲಸ ಶುರುವಾಗುವುದು ಆಟದ ಮೊದಲ ಪರದೆಯಿಂದ. ಅಲ್ಲಿ ಸಾಮಾನ್ಯವಾಗಿ ಆಟದ ಹೆಸರು, ಒಂದು ಇಸವಿ, ಒಂದೋ ಎರಡೋ ಕಂಪನಿಗಳ ಹೆಸರು ಇರುತ್ತವೆ. ಇವನ್ನು ಕಂಡ ಕೂಡಲೇ ‘ಇಂಥ ಕಂಪನಿ ಇಂಥ ವರ್ಷ ಈ ಆಟವನ್ನು ಮಾಡಿತು’ ಎಂದು ಬರೆದುಬಿಡಬಾರದು. ಶಾಸನದಲ್ಲಿ ಆಳುವ ಅರಸನ ಹೆಸರು ಮೊದಲು ಬರುತ್ತದೆ, ದಾನ ಕೊಟ್ಟವನ ಹೆಸರು ಆಮೇಲೆ. ಕಲ್ಲು ಕೆತ್ತಿದವನ ಹೆಸರು ಇದ್ದರೆ ಕೊನೆಯ ಮೂಲೆಯಲ್ಲಿ ಇರುತ್ತದೆ. ಆರ್ಕೇಡ್ ಪರದೆಯೂ ಹೀಗೆಯೇ. ಅಲ್ಲಿ ದೊಡ್ಡದಾಗಿ ಕಾಣುವ ಹೆಸರು ಬಹುಮಟ್ಟಿಗೆ ಆಟವನ್ನು ಮಾರುಕಟ್ಟೆಗೆ ತಂದ ಪ್ರಕಾಶಕ ಕಂಪನಿಯದು.

ಟೋವಾಪ್ಲಾನ್ 1984ರಲ್ಲಿ ಆಟ ಮಾಡುವ ಕೆಲಸಕ್ಕೆ ಇಳಿದ ಟೋಕಿಯೋದ ಸಣ್ಣ ಕಂಪನಿ. ಹೆಸರಿನಲ್ಲಿರುವ ‘ಟೋವಾ’ ಎಂದರೆ ಪೂರ್ವ ಏಷ್ಯಾ. ತನ್ನದೇ ವಿತರಣೆಯ ಜಾಲ ಇರದಿದ್ದ ಈ ಕಂಪನಿ ಆರಂಭದ ವರ್ಷಗಳಲ್ಲಿ ತನ್ನ ಆಟಗಳನ್ನು ದೊಡ್ಡ ಕಂಪನಿಗಳ ಮೂಲಕ ಹೊರತಂದಿತು. 1985ರ ಪರ್ಫಾರ್ಮನ್ ಎಂಬ ಆಟ ಡೇಟಾ ಈಸ್ಟ್ ಹೆಸರಿನಲ್ಲಿ ಬಂತು. ಅದೇ ವರ್ಷದ ಟೈಗರ್ ಹೆಲಿ ಬಂದದ್ದು ಟೈಟೋ ಹೆಸರಿನಲ್ಲಿ. 1978ರ ಸ್ಪೇಸ್ ಇನ್ವೇಡರ್ಸ್‌ನಿಂದ ಜಗತ್ತಿಗೆಲ್ಲ ಪರಿಚಿತವಾಗಿದ್ದ ಟೈಟೋದ ಮುದ್ರೆ ಬಿದ್ದ ಮೇಲೆ, ಒಳಗೆ ಕೆಲಸ ಮಾಡಿದವರು ಬೇರೆಯವರು ಎಂದು ಯಾರು ತಾನೆ ಊಹಿಸುತ್ತಾರೆ? 1986ರ ಸ್ಲ್ಯಾಪ್ ಫೈಟ್, 1987ರ ಫ್ಲೈಯಿಂಗ್ ಶಾರ್ಕ್ ಮತ್ತು ಟ್ವಿನ್ ಕೋಬ್ರಾ, 1988ರ ಟ್ರಕ್ಸ್‌ಟನ್ ಇವೆಲ್ಲ ಟೈಟೋದ ಆಟಗಳೆಂದೇ ಬಹುಕಾಲ ಎಣಿಕೆಯಾದವು.

ಆದ್ದರಿಂದ ಪ್ರತಿ ಆಟಕ್ಕೂ ಒಂದೊಂದು ಕಾರ್ಡ್ ಮಾಡಿಕೊಂಡು, ಅದರಲ್ಲಿ ಕಟ್ಟಿದವರು, ಪ್ರಕಟಿಸಿದವರು, ಹೊರದೇಶದಲ್ಲಿ ಹಂಚಿದವರು ಎಂಬ ಮೂರು ಜಾಗಗಳನ್ನು ಬೇರೆಬೇರೆ ಇಡಬೇಕು. ತಿಳಿಯದ ಜಾಗವನ್ನು ಊಹೆಯಿಂದ ತುಂಬದೆ ಖಾಲಿ ಬಿಡಬೇಕು. ಆಟವನ್ನು ನೋಡಿದ ಸ್ಥಳ, ದಿನಾಂಕ, ಆವೃತ್ತಿ ಇವೂ ಅದೇ ಕಾರ್ಡಿನಲ್ಲಿ ಇರಲಿ. ಕಂಪ್ಯೂಟರಿನ ಕೋಷ್ಟಕದಲ್ಲಿ ಮಾಡುವವರು ಹಾಗೆಯೇ ಮಾಡಲಿ. ನಾನು ಅಶೋಕ ರಸ್ತೆಯ ಅಂಗಡಿಯಿಂದ ತಂದ ರಟ್ಟಿನ ಕಾರ್ಡುಗಳಲ್ಲಿ ಬರೆದೆ, ಏಕೆಂದರೆ ಮೇಜಿನ ಮೇಲೆ ಹರಡಿ ಹಿಂದೆಮುಂದೆ ಸರಿಸಿ ನೋಡುವಾಗ ಹೊಳೆಯುವ ಸಂಬಂಧಗಳು ಕೋಷ್ಟಕದಲ್ಲಿ ನನಗೆ ಹೊಳೆಯಲಿಲ್ಲ.

ಕೆತ್ತಿದವನ ಹೆಸರಿಗಾಗಿ ಹುಡುಕುವಾಗ ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನು ನೆನೆಯುವುದು ಒಳ್ಳೆಯದು. ಅಲ್ಲಿ ದೇವಾಲಯ ಕಟ್ಟಿಸಿದ ದಂಡನಾಯಕ ಸೋಮನಾಥನ ಹೆಸರು ಊರಿಗೇ ಬಂದಿದೆ. ರೂವಾರಿ ಮಲ್ಲಿತಮ್ಮನ ಹೆಸರನ್ನು ಮಾತ್ರ ಹೊರಗೋಡೆಯ ವಿಗ್ರಹಗಳ ಪೀಠವನ್ನು ಬಗ್ಗಿ ನೋಡಿದವರೇ ಕಾಣಬೇಕು. 1980ರ ದಶಕದ ಜಪಾನಿ ಕಂಪನಿಗಳಲ್ಲಿ ಕೆಲಸಗಾರರ ಹೆಸರನ್ನು ಪರದೆಯ ಮೇಲೆ ತೋರಿಸದಿರುವುದೇ ರೂಢಿಯಾಗಿತ್ತು. ಬೇರೆ ಕಂಪನಿಯವರು ತಮ್ಮವರನ್ನು ಸೆಳೆದುಕೊಂಡಾರು ಎಂಬ ಭಯ ಅದಕ್ಕೊಂದು ಕಾರಣ. ಹೆಸರು ತೋರಿಸಿದರೂ ಅನೇಕ ಸಲ ಅದು ಅಡ್ಡಹೆಸರಾಗಿರುತ್ತಿತ್ತು. ಹೀಗಿದ್ದರೂ, ಯಾರೂ ಆಡುವ ಮೊದಲೇ ಅತ್ಯಧಿಕ ಅಂಕಗಳ ಪಟ್ಟಿಯಲ್ಲಿ ತುಂಬಿಟ್ಟಿರುವ ಮೂರು ಮೂರು ಅಕ್ಷರಗಳು ಹಲವು ಆರ್ಕೇಡ್ ಆಟಗಳಲ್ಲಿ ಅವನ್ನು ಮಾಡಿದವರ ಮೊದಲಕ್ಷರಗಳೇ ಆಗಿವೆ. ಆ ಪಟ್ಟಿಯನ್ನು ಫೋಟೋ ತೆಗೆದು ಕಾರ್ಡಿಗೆ ಸೇರಿಸಿಡಿ. ಒಂದು ಆಟದಲ್ಲಿ ಅರ್ಥವಾಗದ ಅಕ್ಷರಗಳು ಎರಡು ವರ್ಷ ಬಿಟ್ಟು ಬಂದ ಇನ್ನೊಂದು ಆಟದಲ್ಲಿ ಕಂಡಾಗ, ಅವು ಒಬ್ಬನೇ ಮನುಷ್ಯನ ಹೆಜ್ಜೆಗಳೇನೋ ಎಂದು ಪರಿಶೀಲಿಸಲು ಅದು ದಾರಿಯಾಗುತ್ತದೆ. ಅಷ್ಟರಿಂದಲೇ ತೀರ್ಮಾನ ಕೊಡಬಾರದು.

ಒಂದೇ ಆಟಕ್ಕೆ ಹಲವು ಹೆಸರು

ಪಾಠಾಂತರಗಳ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಟ್ಟದ್ದೂ ಇದೇ ಹಂತ. ಟೋವಾಪ್ಲಾನಿನ ಆಟಗಳು ಜಪಾನಿನಲ್ಲಿ ಒಂದು ಹೆಸರಿನಿಂದಲೂ ಹೊರದೇಶಗಳಲ್ಲಿ ಬೇರೆ ಹೆಸರಿನಿಂದಲೂ ಬಂದವು. ಜಪಾನಿನ ‘ಹಿಶೋಜಾಮೆ’ ಹೊರಗೆ ಫ್ಲೈಯಿಂಗ್ ಶಾರ್ಕ್ ಆಯಿತು, ಅಮೆರಿಕದಲ್ಲಿ ಸ್ಕೈ ಶಾರ್ಕ್ ಆಯಿತು. ಸ್ಲ್ಯಾಪ್ ಫೈಟ್ ಅಮೆರಿಕದಲ್ಲಿ ಆಲ್ಕಾನ್. 1989ರ ‘ದೈಸೆಂಪು’ ಹೊರಗೆ ಟ್ವಿನ್ ಹಾಕ್. ಪರಿಣತ, ಪ್ರವೀಣ ಎಂಬ ಅರ್ಥದ ‘ತತ್ಸುಜಿನ್’ ಹೊರಗೆ ಟ್ರಕ್ಸ್‌ಟನ್. ‘ಶಾರ್ಕ್! ಶಾರ್ಕ್! ಶಾರ್ಕ್!’ ಎಂದು ಮೂರು ಸಲ ಕೂಗಿ ಎಚ್ಚರಿಸುವ 1989ರ ‘ಸಾಮೆ! ಸಾಮೆ! ಸಾಮೆ!’ ಹೊರಗೆ ಫೈರ್ ಶಾರ್ಕ್.

ಇದು ಬರಿಯ ಹೆಸರಿನ ವಿಷಯವೆಂದು ತಿಳಿಯಬಾರದು, ಏಕೆಂದರೆ ಹೆಸರು ಬದಲಾದಾಗ ಸಂಬಂಧವೂ ಮರೆಯಾಗುತ್ತದೆ. ಟೈಗರ್ ಹೆಲಿ ಹೆಲಿಕಾಪ್ಟರಿನ ಆಟ. ಟ್ವಿನ್ ಕೋಬ್ರಾ ಕೂಡ ಹೆಲಿಕಾಪ್ಟರಿನ ಆಟ. ಇಂಗ್ಲಿಷ್ ಹೆಸರುಗಳನ್ನಷ್ಟೇ ನೋಡಿದವನಿಗೆ ಒಂದರಲ್ಲಿ ಹುಲಿ, ಇನ್ನೊಂದರಲ್ಲಿ ನಾಗರಹಾವು, ನಂಟು ಕಾಣುವುದಿಲ್ಲ. ಜಪಾನಿ ಹೆಸರನ್ನು ನೋಡಿದರೆ ಎರಡನೆಯದು ‘ಕ್ಯೂಕ್ಯೊಕು ಟೈಗರ್’, ಅಂದರೆ ‘ಪರಮ ಹುಲಿ’. ಮೊದಲನೆಯದರ ಮುಂದುವರಿಕೆ ಇದು ಎಂಬುದು ಹೆಸರಿನಲ್ಲೇ ಇತ್ತು. ಕಂಪನಿ 1985ರಿಂದ 1987ರ ಒಳಗೆ ಏನು ಕಲಿಯಿತು ಎಂದು ಬರೆಯಬೇಕಾದರೆ ಈ ಎರಡು ಆಟಗಳನ್ನು ಪಕ್ಕಪಕ್ಕದಲ್ಲಿ ಇಡಲೇಬೇಕು.

ಆವೃತ್ತಿಗಳು ಹೆಸರಿನಲ್ಲಿ ಮಾತ್ರ ಬೇರೆಯಾಗುವುದಿಲ್ಲ. ಕ್ಯೂಕ್ಯೊಕು ಟೈಗರ್‌ನಲ್ಲಿ ಇಬ್ಬರು ಒಬ್ಬರಾದ ಮೇಲೆ ಒಬ್ಬರು ಆಡಬೇಕು. ಟ್ವಿನ್ ಕೋಬ್ರಾದಲ್ಲಿ ಇಬ್ಬರೂ ಒಂದೇ ಪರದೆಯಲ್ಲಿ ಜೊತೆಯಾಗಿ ಹಾರಬಹುದು. ಜಪಾನಿನ ಆಟಗಾರ ಸತ್ತ ಜಾಗಕ್ಕಿಂತ ಹಿಂದಿನ ಒಂದು ನೆಲೆಗೆ ಹೋಗಿ ಬರಿಗೈಯಲ್ಲಿ ಮತ್ತೆ ಹೊರಡುತ್ತಿದ್ದರೆ, ಹೊರದೇಶದ ಆಟಗಾರ ಬಿದ್ದಲ್ಲಿಯೇ ಎದ್ದು ಮುಂದುವರಿಯುತ್ತಿದ್ದ. ಹೀಗಿರುವಾಗ ‘ಈ ಆಟ ಬಹಳ ಕಠಿಣ’ ಎಂದು ಜಪಾನಿ ಲೇಖಕನೊಬ್ಬ ಬರೆದದ್ದನ್ನು, ಹೊರದೇಶದ ಆವೃತ್ತಿಯನ್ನು ಆಡಿದ ನಾವು ನಮ್ಮ ಅನುಭವಕ್ಕೆ ಜೋಡಿಸಿ ಉಲ್ಲೇಖಿಸುವುದು ತಪ್ಪಾಗುತ್ತದೆ. ಯಾವ ಆವೃತ್ತಿಯ ಬಗ್ಗೆ ಮಾತು ಎಂಬುದನ್ನು ಪ್ರತಿ ಹೇಳಿಕೆಯ ಪಕ್ಕದಲ್ಲೂ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಒಂದು ಸಂಗತಿ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಟೋವಾಪ್ಲಾನಿನ ಬೋರ್ಡುಗಳಲ್ಲಿ, ಅಂದರೆ ಪೆಟ್ಟಿಗೆಯೊಳಗೆ ಕೂರಿಸುವ ಚಿಪ್ಪುಗಳ ಹಲಗೆಗಳಲ್ಲಿ, ಯಾವ ಪ್ರದೇಶಕ್ಕೆ ಸೇರಿದ ಆವೃತ್ತಿ ಎಂಬುದನ್ನು ಅನೇಕ ಸಲ ಒಂದು ಪುಟ್ಟ ಸ್ವಿಚ್ಚೋ ಸಂಪರ್ಕತಂತಿಯೋ ನಿರ್ಧರಿಸುತ್ತದೆ. ಟ್ರಕ್ಸ್‌ಟನ್‌ನ ಬೋರ್ಡಿನಲ್ಲಿ ಆ ಸ್ವಿಚ್ಚನ್ನು ಬದಲಿಸಿದರೆ ಅದೇ ಚಿಪ್ಪುಗಳಿಂದ ತತ್ಸುಜಿನ್ ಎಂಬ ಹೆಸರು ಎದ್ದುಬರುತ್ತದೆ, ಪ್ರಕಾಶಕರ ಸಾಲೂ ಬದಲಾಗುತ್ತದೆ. ಒಂದೇ ಓಲೆಯಲ್ಲಿ ಎರಡು ಪಾಠಗಳು ಒಟ್ಟಿಗೆ ಮಲಗಿದ್ದಂತೆ ಇದು. ಪರದೆಯ ಫೋಟೋ ಒಂದನ್ನೇ ಆಧಾರವಾಗಿಟ್ಟುಕೊಂಡು ‘ಈ ಆಟವನ್ನು ಹೊರತಂದವರು ಇವರೇ’ ಎಂದು ವಾದಿಸುವುದು ಎಷ್ಟು ದುರ್ಬಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬೋರ್ಡು ಹೇಳುವ ಕಥೆ

ಪೆಟ್ಟಿಗೆಯ ಹೊರಮೈಯನ್ನು ಸಾಕ್ಷಿಯೆಂದು ಪರಿಗಣಿಸಬೇಡಿ. 1980ರ ದಶಕದ ನಡುಭಾಗದಲ್ಲಿ ಜಪಾನಿನ ಕಂಪನಿಗಳು ಜಾಮಾ ಎಂಬ 56 ಸಂಪರ್ಕಗಳ ಜೋಡಣೆಯನ್ನು ಒಪ್ಪಿಕೊಂಡ ಮೇಲೆ, ಯಾವ ಕಂಪನಿಯ ಬೋರ್ಡನ್ನು ಬೇಕಾದರೂ ಎಲ್ಲಿಯೋ ಮಾಡಿದ ಮರದ ಪೆಟ್ಟಿಗೆಗೆ ಸಿಕ್ಕಿಸಬಹುದಾಯಿತು. ಟೋಕಿಯೋದಲ್ಲಿ ಹುಟ್ಟಿದ ಆಟ ದೊಡ್ಡಕೆರೆ ಮೈದಾನದ ಮಳಿಗೆಯ ತನಕ ಬರಲು ಇಂಥ ಅನುಕೂಲಗಳೇ ಕಾರಣ. ಪೆಟ್ಟಿಗೆಯ ಮೇಲೆ ಕುಸ್ತಿಪಟುಗಳ ಚಿತ್ರ, ಒಳಗೆ ಹಿಮದ ಉಂಡೆಗಳ ಆಟ ಎಂಬುದನ್ನು ನಾನೇ ಕಂಡಿದ್ದೇನೆ.

ಬೋರ್ಡಿನ ಒಳಗಿನ ವಿವರಗಳನ್ನು ತಿಳಿಯಲು ಬೋರ್ಡನ್ನೇ ಕೊಳ್ಳಬೇಕಾಗಿಲ್ಲ. ಹಳೆಯ ಆರ್ಕೇಡ್ ಬೋರ್ಡುಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ, 1997ರಲ್ಲಿ ಆರಂಭವಾದ ಮೇಮ್ ಎಂಬ ತಂತ್ರಾಂಶದ ಮೂಲ ಸಂಕೇತ 2016ರಿಂದ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ದೊರೆಯುತ್ತದೆ. ಅದನ್ನು ಆಟ ಆಡಿಸುವ ಯಂತ್ರವೆಂದು ನೋಡುವುದಕ್ಕಿಂತ ಒಂದು ದೊಡ್ಡ ವಿವರಣಾತ್ಮಕ ಸೂಚಿಯೆಂದು ನೋಡಿ. ಯಾವ ಆಟದಲ್ಲಿ ಯಾವ ಪ್ರೊಸೆಸರ್ ಇದೆ, ಯಾವ ಧ್ವನಿ ಚಿಪ್ ಇದೆ, ಎಷ್ಟು ಆವೃತ್ತಿಗಳು ದೊರೆತಿವೆ, ಅಧಿಕೃತವಲ್ಲದ ನಕಲುಗಳು ಯಾವುವು ಎಂಬುದನ್ನೆಲ್ಲ ಅಲ್ಲಿ ಬರೆದಿಟ್ಟಿದ್ದಾರೆ. ಟ್ವಿನ್ ಕೋಬ್ರಾದ ಬೋರ್ಡಿನಲ್ಲಿ ಮೊಟೊರೋಲಾ 68000 ಮುಖ್ಯ ಪ್ರೊಸೆಸರ್, ಧ್ವನಿಗೆ ಜೈಲಾಗ್ ಜೆಡ್80, ಜೊತೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್320ಸಿ10 ಎಂಬ ಸಂಕೇತ ಸಂಸ್ಕರಣೆಯ ಚಿಪ್ ಇವೆ. ಇದೇ ಟಿಎಂಎಸ್ ಚಿಪ್ ಫ್ಲೈಯಿಂಗ್ ಶಾರ್ಕ್‌ನಲ್ಲಿಯೂ ಇದೆ. ಎರಡೂ 1987ರವು. ಒಂದೇ ಕೈಯ ಕೆಲಸ ಎಂಬುದಕ್ಕೆ ಬೋರ್ಡೇ ಸಹಿ ಹಾಕಿದಂತಾಯಿತು.

ಮುಂದಿನ ವರ್ಷಗಳಲ್ಲಿ ಕಂಪನಿ ತನ್ನ ಕೆಲವು ಆಟಗಳ ಧ್ವನಿಯ ಕಾರ್ಯಕ್ರಮವನ್ನು ಹೊರಗಿನಿಂದ ಓದಲಾಗದಂತೆ ಪ್ರೊಸೆಸರಿನ ಒಳಗಿನ ಸ್ಮೃತಿಯಲ್ಲಿಯೇ ಇಟ್ಟಿತು. 1991ರ ವಿಮಾನ, ಟೆಕಿ ಪಾಕಿ, ಘಾಕ್ಸ್ ಇಂಥವು. ಇದರ ಪರಿಣಾಮವಾಗಿ, ಬೋರ್ಡುಗಳನ್ನು ಉಳಿಸುವ ಕೆಲಸದಲ್ಲಿ ತೊಡಗಿದವರು ಬಹುಕಾಲ ಆ ಆಟಗಳ ಸಂಗೀತವನ್ನು ಪುನರ್ನಿರ್ಮಿಸಲಾರದೆ ಹೋದರು. ಚಿತ್ರ ಓಡುತ್ತಿತ್ತು, ಧ್ವನಿ ಇರಲಿಲ್ಲ. ವಿಮಾನ ಎಂಬ ಹೆಸರು ನಮ್ಮ ಸಂಸ್ಕೃತದ ವಿಮಾನವೇ ಎಂಬುದನ್ನು ಕಂಡು ಖುಷಿಪಟ್ಟ ನನಗೆ, ಅದರ ಸಂಗೀತವನ್ನು ಕೇಳಲು ಕಾಯಬೇಕಾಗಿ ಬಂದದ್ದು ನಿಜವಾಗಿ ದುಃಖದ ಸಂಗತಿಯಾಗಿತ್ತು. ಚರಿತ್ರೆ ಬರೆಯುವವರು ಇಂಥ ಮೌನವನ್ನು ಗುರುತಿಸಬೇಕು. ‘ಆಟದಲ್ಲಿ ಸಂಗೀತವಿಲ್ಲ’ ಎಂದು ಬರೆದವರು ನೋಡಿದ್ದು ಮೂಲವನ್ನಲ್ಲ, ಅಪೂರ್ಣ ಪ್ರತಿಯನ್ನು.

ಆಡಿ ನೋಡಲು ಮಾತ್ರ ಅಧಿಕೃತ ಪ್ರತಿಗಳನ್ನೇ ಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. 2023ರಲ್ಲಿ ಟ್ರಕ್ಸ್‌ಟನ್, ಟ್ವಿನ್ ಕೋಬ್ರಾ, ಜೀರೋ ವಿಂಗ್, ಔಟ್ ಜೋನ್ ಈ ನಾಲ್ಕೂ ಸ್ಟೀಮ್ ಎಂಬ ಅಂತರಜಾಲದ ಮಳಿಗೆಗೆ ಬಂದಿವೆ. ಮೈಸೂರಿನ ಯಾವ ಮನೆಯಿಂದಲೂ ಇವನ್ನು ಪಡೆಯಬಹುದು. ನಿಮ್ಮ ಬರವಣಿಗೆಯ ಆಧಾರ ಯಾರು ಬೇಕಾದರೂ ತೆರೆದು ನೋಡಬಹುದಾದ ಪ್ರತಿಯಾಗಿರಬೇಕು ಎಂಬುದು ಗ್ರಂಥಸಂಪಾದನೆಯ ಮೊದಲ ನಿಯಮ.

ಲಿಪಿ, ಕಾಲಗಣನೆ, ಅನುವಾದ

ಜಪಾನಿ ಭಾಷೆ ಬಾರದೆ ಈ ಕೆಲಸ ಆಗದು ಎಂದು ಹಿಂಜರಿಯುವ ಕಾರಣವಿಲ್ಲ, ಆದರೆ ಕತಕಾನ ಎಂಬ ಲಿಪಿಯನ್ನಾದರೂ ಕಲಿಯಬೇಕು. ಅದರ ಮೂಲಾಕ್ಷರಗಳು 46. ಅವುಗಳ ಕ್ರಮ ಬೌದ್ಧ ವಿದ್ವಾಂಸರು ಅಭ್ಯಾಸ ಮಾಡಿದ ಸಿದ್ಧಂ ಲಿಪಿಯ ವರ್ಣಮಾಲೆಯಿಂದ ಬಂದದ್ದಾದ್ದರಿಂದ ಕನ್ನಡಿಗರಿಗೆ ಅದು ಅಪರಿಚಿತವೆನಿಸುವುದಿಲ್ಲ: ಮೊದಲು ಸ್ವರಗಳು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಪವರ್ಗ ಇರಬೇಕಾದ ಜಾಗದಲ್ಲಿ ಅಲ್ಲಿ ಹಕಾರ ಇದೆ, ಏಕೆಂದರೆ ಬಹಳ ಹಿಂದೆ ಅದು ಪಕಾರವಾಗಿಯೇ ಉಚ್ಚಾರವಾಗುತ್ತಿತ್ತು. ‘ಪಾಲ್’ ಹಾಲಾದದ್ದನ್ನೂ ‘ಪುಲಿ’ ಹುಲಿಯಾದದ್ದನ್ನೂ ಬಲ್ಲ ನಮಗೆ ಈ ಬದಲಾವಣೆ ಮನೆಯ ಮಾತಿನಂತೆಯೇ ತೋರುತ್ತದೆ. ಎರಡು ವಾರ ದಿನಕ್ಕೆ ಅರ್ಧ ಗಂಟೆ ಕುಳಿತರೆ ಕಂಪನಿಯ ಹೆಸರಿನ ‘ಪ್ಲಾನ್’ ಭಾಗವನ್ನು ಬರೆಯುವ ಪು, ರಾ, ನ್ ಎಂಬ ಮೂರು ಅಕ್ಷರಗಳನ್ನು ಹಳೆಯ ಜಾಹೀರಾತಿನ ಮೂಲೆಯಲ್ಲಿ ಕಂಡುಹಿಡಿಯುವಷ್ಟು ಕಣ್ಣು ಪಳಗುತ್ತದೆ.

ಇಸವಿಗಳನ್ನು ಬದಲಿಸುವ ಲೆಕ್ಕವೂ ಬೇಕು. ಶಾಸನ ಓದುವಾಗ ಶಕವರ್ಷಕ್ಕೆ 78 ಕೂಡಿಸುವಂತೆ, ಜಪಾನಿನ ಸಾಮ್ರಾಟರ ಆಳ್ವಿಕೆಯಿಂದ ಎಣಿಸುವ ಶೋವಾ ವರ್ಷಕ್ಕೆ 1925ನ್ನೂ ಹೆಯ್ಸೆಯ್ ವರ್ಷಕ್ಕೆ 1988ನ್ನೂ ಕೂಡಿಸಬೇಕು. ಶೋವಾ 60 ಎಂದರೆ 1985, ಹೆಯ್ಸೆಯ್ 2 ಎಂದರೆ 1990. ಸಾಮ್ರಾಟ ಹಿರೋಹಿತೊ 1989ರ ಜನವರಿ 7ರಂದು ತೀರಿಕೊಂಡದ್ದರಿಂದ ಆ ವರ್ಷದ ಮೊದಲ ಒಂದು ವಾರ ಶೋವಾ 64 ಆಗಿರುತ್ತದೆ.

ವ್ಯಕ್ತಿಗಳ ಹೆಸರಿನಲ್ಲಿ ಯಂತ್ರಾನುವಾದವನ್ನು ನಂಬಿದರೆ ಮೋಸ ಹೋಗುತ್ತೀರಿ. ಕಂಪನಿಯ ಪ್ರಮುಖರಾದ ಮಸಾಹಿರೊ ಯುಗೆ ಅವರ ಮನೆತನದ ಹೆಸರಿನ ಎರಡು ಚಿಹ್ನೆಗಳಿಗೆ ಬಿಲ್ಲು ಮತ್ತು ಹೆರೆಯುವುದು ಎಂದರ್ಥ. ತತ್ಸುಯ ಉಎಮುರಾ ಅವರ ಮನೆತನದ ಹೆಸರಿಗೆ ಮೇಲಿನ ಹಳ್ಳಿ ಎಂದರ್ಥ. ಯಂತ್ರ ಇವನ್ನು ಕೆಲವೊಮ್ಮೆ ಅರ್ಥವಾಗಿಯೇ ಅನುವಾದಿಸಿ, ವಾಕ್ಯದಿಂದ ಮನುಷ್ಯನನ್ನೇ ಮಾಯ ಮಾಡುತ್ತದೆ. ಮೇಲಿನ ಹಳ್ಳಿ ಎಂಬ ಚಿಹ್ನೆಗಳನ್ನು ಕಮಿಮುರಾ ಎಂದೂ ಓದಬಹುದಾದ್ದರಿಂದ ಒಬ್ಬರೇ ಇಬ್ಬರಾಗುವ ಅಪಾಯವೂ ಉಂಟು.

ಅನುವಾದದಿಂದ ಆಗುವ ಅನರ್ಥಕ್ಕೆ ಈ ಕಂಪನಿಯೇ ಜಗತ್ಪ್ರಸಿದ್ಧ ಉದಾಹರಣೆ. 1989ರ ಜೀರೋ ವಿಂಗ್ ಆಟವನ್ನು ಸೇಗಾ ಮೆಗಾ ಡ್ರೈವ್ ಎಂಬ ಮನೆಯಲ್ಲಿ ಆಡುವ ಯಂತ್ರಕ್ಕೆ ತಂದಾಗ ಅದಕ್ಕೊಂದು ಪೀಠಿಕೆಯ ದೃಶ್ಯವನ್ನು ಸೇರಿಸಿದರು. ಖಳನಾಯಕನು ‘ಒಕ್ಕೂಟದ ಸೇನೆಯ ಸಹಕಾರದಿಂದ ನಿಮ್ಮ ನೆಲೆಗಳೆಲ್ಲ ನಮ್ಮ ವಶವಾಗಿವೆ’ ಎಂಬರ್ಥದ ಮಾತನ್ನು ಜಪಾನಿಯಲ್ಲಿ ಸರಿಯಾಗಿಯೇ ಆಡುತ್ತಾನೆ. ಯುರೋಪಿನ ಪ್ರತಿಯ ಇಂಗ್ಲಿಷಿನಲ್ಲಿ ಅದು ವ್ಯಾಕರಣವೇ ಇಲ್ಲದ ವಾಕ್ಯವಾಗಿ, 2000ದ ಸುಮಾರಿಗೆ ಅಂತರಜಾಲದಲ್ಲೆಲ್ಲ ಹರಿದಾಡಿತು. ಆರ್ಕೇಡಿನ ಮೂಲ ಆಟದಲ್ಲಿ ಆ ದೃಶ್ಯವೇ ಇಲ್ಲ. ಹತ್ತು ವರ್ಷಗಳ ಶ್ರದ್ಧೆಯ ಕೆಲಸವನ್ನು ಆ ಒಂದು ತಪ್ಪು ವಾಕ್ಯದಿಂದ ಗುರುತಿಸುವುದು ನನಗೆ ನೋವಿನ ವಿಷಯ. ನಿಮ್ಮ ಬರವಣಿಗೆಯಲ್ಲಿ ಅದಕ್ಕೆ ಒಂದು ಪ್ಯಾರಾಕ್ಕಿಂತ ಹೆಚ್ಚು ಜಾಗ ಕೊಡಬೇಡಿ.

ಕೈಗಳನ್ನು ಹಿಂಬಾಲಿಸುವುದು

ಇಷ್ಟಾದ ಮೇಲೆ ಮುಖ್ಯವಾದ ಕೆಲಸ. ಕಾರ್ಡುಗಳನ್ನು ಕಂಪನಿಯ ಹೆಸರಿನ ಪ್ರಕಾರ ಜೋಡಿಸಿದ್ದರೆ ಅವನ್ನು ಕಲಸಿ, ಈಗ ಮನುಷ್ಯರ ಹೆಸರಿನ ಪ್ರಕಾರ ಜೋಡಿಸಿ. ನಮ್ಮ ವೃತ್ತಿನಾಟಕ ಕಂಪನಿಗಳ ಚರಿತ್ರೆಯನ್ನು ಬಲ್ಲವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಗುಬ್ಬಿ ಕಂಪನಿಯ ಚರಿತ್ರೆಯನ್ನು ಅದರ ಪರದೆ ಬಿದ್ದ ದಿನಕ್ಕೆ ನಿಲ್ಲಿಸಿದರೆ, ಅಲ್ಲಿ ಪಳಗಿದ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಅವರು ಕನ್ನಡ ಚಲನಚಿತ್ರಕ್ಕೆ ಹೊತ್ತು ತಂದ ಅಭಿನಯದ ಪಾಠವನ್ನು ಎಲ್ಲಿ ಬರೆಯುವುದು?

ಟೋವಾಪ್ಲಾನಿನ ಹಿಂದೆ ಎರಡು ಕಂಪನಿಗಳಿವೆ. ಓರ್ಕಾ ಎಂಬ ಕಂಪನಿ 1981ರಲ್ಲಿ ರಿವರ್ ಪ್ಯಾಟ್ರೋಲ್, 1983ರಲ್ಲಿ ಎಸ್ಪಿಯಲ್ ಎಂಬ ಆಟಗಳನ್ನು ಮಾಡಿ, ದಿವಾಳಿಯಾಗಿ ಮುಚ್ಚಿತು. ಅಲ್ಲಿದ್ದ ಕೆಲವರು ಕ್ರಕ್ಸ್ ಎಂಬ ಕಂಪನಿಯನ್ನು ಕಟ್ಟಿದರು. ಕ್ರಕ್ಸ್ 1984ರಲ್ಲಿ ಗೈರೋಡೈನ್ ಎಂಬ ಹೆಲಿಕಾಪ್ಟರಿನ ಆಟವನ್ನು ಟೈಟೋ ಮೂಲಕ ತಂದಿತು. ಅಲ್ಲಿಂದ ಹೊರಟವರೇ ಟೋವಾಪ್ಲಾನಿನವರು. ಯುಗೆ ಮತ್ತು ಉಎಮುರಾ ಇಬ್ಬರೂ ಓರ್ಕಾ, ಕ್ರಕ್ಸ್ ಎರಡನ್ನೂ ದಾಟಿ ಬಂದವರು. ಈಗ ಗೈರೋಡೈನ್, ಟೈಗರ್ ಹೆಲಿ, ಕ್ಯೂಕ್ಯೊಕು ಟೈಗರ್ ಈ ಮೂರು ಕಾರ್ಡುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಮೂರು ಹೆಲಿಕಾಪ್ಟರುಗಳು, ಮೂರೂ ಟೈಟೋ ಮೂಲಕ ಬಂದವು, ಮೂರೇ ವರ್ಷಗಳ ಅಂತರ, ನಡುವೆ ಒಂದು ಕಂಪನಿ ಹೋಗಿ ಇನ್ನೊಂದು ಬಂದಿದೆ. ನಾಮಫಲಕದ ಚರಿತ್ರೆಯಲ್ಲಿ ಮೊದಲನೆಯದಕ್ಕೆ ಜಾಗವೇ ಇರುವುದಿಲ್ಲ.

ಯುಗೆ ಮತ್ತು ಉಎಮುರಾ ಇಬ್ಬರೂ ಸಂಗೀತ ಸಂಯೋಜಕರು. ಅಷ್ಟೇ ಅಲ್ಲದೆ ಆಟವನ್ನು ಯೋಜಿಸುವ, ಕಾರ್ಯಕ್ರಮ ಬರೆಯುವ ಕೆಲಸಗಳಲ್ಲಿಯೂ ಇದ್ದವರು. ಸಣ್ಣ ಕಂಪನಿಯಲ್ಲಿ ಒಬ್ಬನೇ ಹಾಡು ಕಟ್ಟಿ ಪಾತ್ರವನ್ನೂ ಮಾಡುವಂತೆ, ಇಲ್ಲಿಯೂ ಕೆಲಸಗಳ ನಡುವೆ ಬೇಲಿ ಇರಲಿಲ್ಲ. ಟೋವಾಪ್ಲಾನಿನ ಆಟಗಳಲ್ಲಿ ಶತ್ರುಗಳು ಬರುವ ಲಯಕ್ಕೂ ಹಿನ್ನೆಲೆಯ ಸಂಗೀತಕ್ಕೂ ಒಂದು ಬಿಗಿ ಹೊಂದಾಣಿಕೆ ನನಗೆ ಕೇಳಿಸುತ್ತದೆ. ಅದಕ್ಕೆ ಇದೇ ಕಾರಣವಿರಬೇಕೆಂಬುದು ನನ್ನ ಅಭಿಪ್ರಾಯ. ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಬರೆಯಿರಿ, ಸಂಗತಿಯ ಸಾಲಿನಲ್ಲಿ ಸೇರಿಸಬೇಡಿ.

ಸಂದರ್ಶನಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಆಟ ಬಂದ ಕಾಲದಲ್ಲೇ ಅಚ್ಚಾದ ಮಾತಿಗೂ ಇಪ್ಪತ್ತೈದು ವರ್ಷಗಳ ಮೇಲೆ ನೆನೆದು ಹೇಳಿದ ಮಾತಿಗೂ ತೂಕ ಒಂದೇ ಅಲ್ಲ. 1986ರಿಂದ 1999ರ ತನಕ ನಡೆದ ಗೇಮೆಸ್ಟ್ ಪತ್ರಿಕೆ ಆರ್ಕೇಡ್ ಆಟಗಳಿಗೇ ಮೀಸಲಾಗಿದ್ದದ್ದು. ಅದರ ಹಳೆಯ ಸಂಚಿಕೆಗಳು ಸಮಕಾಲೀನ ಸಾಕ್ಷಿ. ಎರಡು ಮಾತುಗಳು ಹೊಂದದಿದ್ದರೆ ಎರಡನ್ನೂ ಕೊಟ್ಟು, ಯಾವುದು ಯಾವಾಗ ಹೇಳಿದ್ದು ಎಂದು ನಮೂದಿಸಿ.

‘ಮೊಟ್ಟಮೊದಲು’ ಎಂಬ ಪದವನ್ನು ಕಂಡಲ್ಲೆಲ್ಲ ಪೆನ್ಸಿಲಿನಿಂದ ಗುರುತು ಮಾಡಿ. ಟೈಗರ್ ಹೆಲಿಯ ಬಾಂಬ್ ಆ ಬಗೆಯಲ್ಲಿ ಮೊದಲನೆಯದು ಎಂದು, 1993ರ ಬಟ್ಸುಗುನ್ ಗುಂಡುಗಳ ಮಳೆ ಸುರಿಸುವ ಆಟಗಳಲ್ಲಿ ಮೊದಲನೆಯದು ಎಂದು ಹಲವರು ಬರೆದಿದ್ದಾರೆ. ಇಂಥ ಪಟ್ಟ ಕಟ್ಟುವುದಕ್ಕಿಂತ ಆಟದಲ್ಲಿ ಏನಾಗುತ್ತದೆ ಎಂದು ವರ್ಣಿಸುವುದು ಹೆಚ್ಚು ಬೆಲೆಯುಳ್ಳದ್ದು. ಸಿಕ್ಕಿಹಾಕಿಕೊಂಡ ಆಟಗಾರನಿಗೆ, ಸುತ್ತಲಿನ ಶತ್ರುಗಳನ್ನೂ ಗುಂಡುಗಳನ್ನೂ ಒಮ್ಮೆಗೇ ಅಳಿಸುವ ಬಾಂಬನ್ನು ಎಣಿಸಿ ಕೊಡುವುದು, ಅದನ್ನು ಯಾವಾಗ ಖರ್ಚು ಮಾಡಬೇಕೆಂಬ ಸಂಕಟವನ್ನೂ ಜೊತೆಗೇ ಕೊಡುವುದು. ಮೂರು ವರ್ಷಗಳ ಮೇಲೆ ಟ್ರಕ್ಸ್‌ಟನ್‌ನಲ್ಲಿ ಅದೇ ಬಾಂಬ್ ದೈತ್ಯಾಕಾರದ ತಲೆಬುರುಡೆಯಾಗಿ ಪರದೆಯನ್ನು ತುಂಬುವುದು. ಈ ಬೆಳವಣಿಗೆಯನ್ನು ಓದುಗರ ಕಣ್ಣಿಗೆ ಕಟ್ಟುವಂತೆ ಬರೆದರೆ, ಮೊದಲಿಗರು ಯಾರೆಂಬ ಜಗಳಕ್ಕೆ ಅಲ್ಲಿ ಕೆಲಸವಿರುವುದಿಲ್ಲ.

ಕಂಪನಿ 1994ರಲ್ಲಿ ದಿವಾಳಿಯಾಯಿತು. ಕಾರಣವನ್ನು ಒಂದೇ ಸಾಲಿನಲ್ಲಿ ಹೇಳುವ ಆಸೆಯನ್ನು ತಡೆದುಕೊಳ್ಳಬೇಕು. 1991ರಲ್ಲಿ ಕ್ಯಾಪ್‌ಕಾಮ್‌ನ ಸ್ಟ್ರೀಟ್ ಫೈಟರ್ 2 ಬಂದ ಮೇಲೆ ಆರ್ಕೇಡ್‌ಗಳಲ್ಲಿ ಕಾಳಗದ ಆಟಗಳ ಕಾಲ ಬಂತು ಎಂಬುದು ನಿಜ. ಟೋವಾಪ್ಲಾನಿನ ಹೆಸರು ನಿಂತಿದ್ದದ್ದು ಆಕಾಶದಲ್ಲಿ ಗುಂಡು ಹಾರಿಸುವ ಆಟಗಳ ಮೇಲೆ ಎಂಬುದೂ ನಿಜ. ಆದರೆ 1993ರಲ್ಲಿ ಅದು ನಕಲ್ ಬ್ಯಾಶ್ ಎಂಬ ಹೊಡೆದಾಟದ ಆಟವನ್ನೂ ಮಾಡಿ ನೋಡಿತ್ತು ಎಂಬುದನ್ನು ಬಿಟ್ಟರೆ, ಕಾಲ ಬದಲಾದದ್ದನ್ನು ಅರಿಯದೆ ಕುಳಿತವರು ಎಂಬ ತಪ್ಪು ಚಿತ್ರ ಮೂಡುತ್ತದೆ. ಸ್ನೋ ಬ್ರದರ್ಸ್‌ನ ಎರಡನೆಯ ಭಾಗ ಬಂದದ್ದು ಮುಚ್ಚಿದ ವರ್ಷದಲ್ಲಿಯೇ. 2002ರ ದಿನಾಂಕ ಹೊತ್ತ ‘ಮೂರನೆಯ ಭಾಗ’ವೊಂದು ನಮ್ಮ ಊರಿನ ಕಂಪ್ಯೂಟರುಗಳಲ್ಲಿಯೂ ಕಾಣಿಸಿಕೊಂಡಿತ್ತು; ಅದು ಕೊರಿಯಾದಲ್ಲಿ ಮೊದಲ ಆಟವನ್ನೇ ತಿದ್ದಿ ಮಾಡಿದ ಅನಧಿಕೃತ ರೂಪ. ಅದನ್ನು ಪ್ರಕ್ಷಿಪ್ತವೆಂದು ಗುರುತಿಸಿ ಬೇರೆ ಇಡಿ, ಎಸೆಯಬೇಡಿ. ಮೂಲ ಎಷ್ಟು ದೂರ ತಲುಪಿತ್ತು ಎಂಬುದನ್ನು ನಕಲೂ ಹೇಳುತ್ತದೆ.

1994ರ ಗೆರೆಯನ್ನು ಎಳೆದ ಮೇಲೂ ಕಾರ್ಡುಗಳು ಮುಗಿಯುವುದಿಲ್ಲ. ಅದೇ ವರ್ಷ ಕೇವ್ ಎಂಬ ಕಂಪನಿ ಹುಟ್ಟಿತು. ಬಟ್ಸುಗುನ್‌ನಲ್ಲಿ ಕೆಲಸ ಮಾಡಿದ್ದ ತ್ಸುನೆಕಿ ಇಕೆದಾ ಅಲ್ಲಿಗೆ ಹೋಗಿ 1995ರ ಡೋನ್‌ಪಾಚಿ, 1997ರ ಡೋಡೋನ್‌ಪಾಚಿ ಆಟಗಳನ್ನು ಕಟ್ಟಿದವರಲ್ಲಿ ಒಬ್ಬರಾದರು. ಟೋವಾಪ್ಲಾನಿನಲ್ಲಿದ್ದ ಜುನ್ಯ ಇನೊವೆ ಗಜೆಲ್ ಎಂಬ ಕಂಪನಿಗೆ ಹೋದರು. 1996ರ ಏರ್ ಗ್ಯಾಲೆಟ್ ಅಲ್ಲಿಯದು. ತಕುಮಿ ಎಂಬ ಕಂಪನಿ 1995ರಲ್ಲಿ ಕ್ಯೂಕ್ಯೊಕು ಟೈಗರ್‌ನ ಎರಡನೆಯ ಭಾಗವನ್ನು ತಂದಿತು, ಅದೂ ಟೈಟೋ ಮೂಲಕವೇ. ರೈಜಿಂಗ್ ಎಂಬ ಕಂಪನಿಯ 1993ರ ಮಾಹೋ ದೈಸಾಕುಸೆನ್ ಟೋವಾಪ್ಲಾನಿನ ಬೋರ್ಡಿನ ವಿನ್ಯಾಸದ ಮೇಲೆಯೇ ಓಡುತ್ತದೆ. ಈ ಆಟಗಳನ್ನು ‘ಮುಂದಿನ ಪ್ರಭಾವ’ ಎಂಬ ಬೇರೆ ಅಧ್ಯಾಯಕ್ಕೆ ತಳ್ಳದೆ, ಟೋವಾಪ್ಲಾನಿನ ಕೊನೆಯ ಆಟದ ಮರುಸಾಲಿನಲ್ಲಿ, ಅಧ್ಯಾಯ ಮುರಿಯದೆ ಬರೆಯಿರಿ.

2017ರಲ್ಲಿ ಯುಗೆ ಒಂದು ಹೊಸ ಕಂಪನಿಯನ್ನು ಸ್ಥಾಪಿಸಿದರು. ಟೋವಾಪ್ಲಾನಿನ ಆಟಗಳ ಹಕ್ಕುಗಳು ಆ ಕಂಪನಿಗೆ ಸೇರಿದವು. 2022ರಲ್ಲಿ ಸ್ವೀಡನ್ನಿನ ಎಂಬ್ರೇಸರ್ ಸಮೂಹ ಅದನ್ನು ಕೊಂಡುಕೊಂಡಿತು. ಯುಗೆ ಆ ಕಂಪನಿಗೆ ಇಟ್ಟ ಹೆಸರು ತತ್ಸುಜಿನ್. ಹಾಗಾಗಿ ನಿಮ್ಮ ಸೂಚಿಯಲ್ಲಿ ತತ್ಸುಜಿನ್ ಎಂಬ ಹೆಸರು ಎರಡು ಸಲ ಬರುತ್ತದೆ. 1988ರ ಆಟಕ್ಕೊಂದು, 2017ರ ಕಂಪನಿಗೊಂದು ಕಾರ್ಡ್ ಮಾಡಿ, ಒಂದರಿಂದ ಇನ್ನೊಂದಕ್ಕೆ ‘ನೋಡಿ’ ಎಂದು ಬರೆದಿಡಿ.